ಹೊಟ್ಟೆ ತುಂಬಿದ ಕೌದಿ

ದೆವ್ವ, ಶಕುನ, ದೃಷ್ಟಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ನಂಬುವವರನ್ನು ಗೇಲಿ ಮಾಡುವ ಚಟ ಇತ್ತು ಎಂದರೆ ಸರಿ. ವಿಮಾ ಕಚೇರಿಯ ಗುಮಾಸ್ತನಿಗೆ ಸಾವೆಂದರೆ ಒಂದು ಫಾರಂ, ಅದರ ಕೆಳಗೆ ಎರಡು ಸಹಿ. ಈಗ ಬರೆಯಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತೇನೆ.

ನಮ್ಮದು ಬಾಗಲಕೋಟೆಯ ಕಡೆ. ಅಲ್ಲಿ ಹಳೆಯ ಸೀರೆ, ಧೋತರ, ಅಂಗಿ ಯಾವುದನ್ನೂ ಎಸೆಯುವುದಿಲ್ಲ. ತುಂಡು ಮಾಡಿ, ಪದರದ ಮೇಲೆ ಪದರ ಇಟ್ಟು, ಹೊದೆಯಲು ಕೌದಿ ಹೊಲಿಯುತ್ತಾರೆ. ನಮ್ಮ ಮನೆಯಲ್ಲಿ ಮೂರು ಮೂಲೆ ಮುಗಿಸಿ ನಾಲ್ಕನೆಯದನ್ನು ತೆರೆದೇ ಬಿಡುತ್ತಿದ್ದರು. ಅದರೊಳಗೆ ಬಿಸಿ ರೊಟ್ಟಿಯ ಚೂರೊಂದನ್ನು ಇಟ್ಟು, ಹೊಲಿದ ಕೈಯೇ ಆ ಮೂಲೆಯನ್ನು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದನ್ನು ಕರೆಯುತ್ತಿದ್ದರು. ಹಸಿದ ಕೌದಿಯನ್ನು ಮಕ್ಕಳಿಗೆ ಹೊದಿಸಬಾರದೆಂದು ನನ್ನ ಅವ್ವ ಖಡಾಖಂಡಿತವಾಗಿ ಹೇಳುತ್ತಿದ್ದಳು.

ನಮ್ಮ ಮಗಳು ಸುಮಿಗೆ ಎಂಟು ತಿಂಗಳಾದಾಗ ಊರಿಗೆ ಹೋಗಿದ್ದೆವು. ಆಗ ನನಗೆ ಸೂರತ್‌ನಲ್ಲಿ ಕೆಲಸ. ಅವ್ವ ಮೊಮ್ಮಗಳಿಗೆಂದು ಕೌದಿ ಹೊಲಿದಳು. ಅವಳ ನೀಲಿ ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರ, ನನ್ನ ಹೈಸ್ಕೂಲಿನ ಖಾಕಿ ಚಡ್ಡಿ, ನನ್ನ ಹೆಂಡತಿ ಗಿರಿಜಾಳ ಹಸಿರು ಕುಪ್ಪಸ ಎಲ್ಲ ಅದರಲ್ಲಿದ್ದವು. ಹೊರಡುವ ದಿನವೂ ನಾಲ್ಕನೆಯ ಮೂಲೆ ಬಾಕಿ ಇತ್ತು. ಬಸ್ಸಿನ ಹೊತ್ತಾಗಿತ್ತು.

"ಹಂಚಿನ ಮ್ಯಾಲ ರೊಟ್ಟಿ ಐತಿ, ಎರಡ ನಿಮಿಷ ತಡಿಯೋ," ಎಂದು ಅವ್ವ ಒಳಗಿನಿಂದ ಕೂಗಿದಳು.

"ಇವತ್ತ ಕೌದಿಗೆ ಊಟ, ನಾಳೆ ಚಾಪಿಗೆ ಚಾ," ಎಂದು ನಾನು ನಗುತ್ತ ಕೌದಿಯನ್ನು ಮಡಚಿ ಹೋಲ್ಡಾಲಿಗೆ ತುರುಕಿದೆ. ಗಿರಿಜಾ ತಡೆಯಿರಿ ಎಂದಳು. ನಾನು ಕೇಳಲಿಲ್ಲ. ಮುಂದಿನ ಸಲ ಬಂದಾಗ ತುಂಬಿಸಿದರಾಯಿತು ಎಂದೆ. ಆ ಮುಂದಿನ ಸಲ ರಜೆ ಸಿಗದೆ ಮುಂದಕ್ಕೆ ಹೋಗುತ್ತಲೇ ಇತ್ತು.

ಸುಮಿಗೆ ಆ ಕೌದಿ ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ತೆರೆದಿದ್ದ ಮೂಲೆಯೊಳಗೆ ಬೆರಳು ತೂರಿಸಿಕೊಂಡೇ ಮಲಗುತ್ತಿದ್ದಳು. ಒಂದು ಸಲ ಸೊಳ್ಳೆಬತ್ತಿಯ ಕಿಡಿ ತಗುಲಿ ಖಾಕಿ ತುಂಡು ಸುಟ್ಟಿತು. ಗಿರಿಜಾ ಮನೆಯಲ್ಲಿದ್ದ ಹಳದಿ ದಾರದಿಂದ ಅದಕ್ಕೆ ತೇಪೆ ಹಾಕಿದಳು.

ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿದಾಗ ಸುಮಿಗೆ ಮೂರು ವರ್ಷ. ಇಡೀ ಊರೇ ಗಂಟುಮೂಟೆ ಕಟ್ಟಿತು. ನಾವೂ ಬೆಳಗಿನ ಬಸ್ಸು ಹತ್ತಿ ವಡೋದರಾದ ಸಹೋದ್ಯೋಗಿಯೊಬ್ಬರ ಮನೆಗೆ ಹೊರಟೆವು. ದಾರಿಯಲ್ಲಿ ಮಗುವಿನ ಮೈ ಬೆಚ್ಚಗಾಯಿತು. ಗ್ಲೂಕೋಸ್ ಬಿಸ್ಕತ್ತನ್ನು ಅರ್ಧ ಕಚ್ಚಿ ನನ್ನ ಅಂಗಿಯ ಜೇಬಿಗೆ ಹಾಕಿ, "ಅಪ್ಪಾ, ಇಟ್ಟಿರು, ಆಮ್ಯಾಲೆ ತಿಂತೀನಿ," ಎಂದಳು. ಅದು ಪ್ಲೇಗ್ ಆಗಿರಲಿಲ್ಲ. ಬೇರೆ ಯಾವುದೋ ಜ್ವರ, ಮಿದುಳಿಗೆ ಏರಿದೆ ಎಂದು ಡಾಕ್ಟರು ಹೇಳಿದರು. ಮೂರನೆಯ ದಿನ ಮಧ್ಯಾಹ್ನ ಮಗು ಹೋಯಿತು.

ನಮ್ಮಲ್ಲಿ ಹೂಳುವ ಪದ್ಧತಿ. ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಎಳೆಯ ಮಕ್ಕಳನ್ನು ಹೂಳುವ ಜಾಗಕ್ಕೆ ಗಂಡಸರು ನಾಲ್ಕು ಜನ ಹೋದೆವು. ಮಗುವನ್ನು ಅದೇ ಕೌದಿಯಲ್ಲಿ ಸುತ್ತಿದ್ದೆವು. ಮಣ್ಣು ಹಾಕುವ ಮುಂಚೆ ಉಳಿದವರಿಗೆ ಸ್ವಲ್ಪ ಅತ್ತ ಹೋಗಿ ಎಂದೆ. ಜೇಬಿನಲ್ಲಿದ್ದ ಆ ಅರ್ಧ ಬಿಸ್ಕತ್ತನ್ನು ತೆರೆದ ಮೂಲೆಯೊಳಗೆ ತಳ್ಳಿದೆ. ಸುಮಿಯ ಸೊಂಟದ ಕರಿ ಉಡಿದಾರ ಬಿಚ್ಚಿ, ಮೂಲೆಯನ್ನು ಹಿಡಿದು ಕಟ್ಟಿದೆ. ಬೂಟಿನ ಲೇಸಿಗೆ ಹಾಕುವ ಗಂಟು ಬಿಟ್ಟರೆ ನನಗೆ ಬೇರೆ ಗಂಟು ಬರುವುದಿಲ್ಲ. ಅದನ್ನೇ ಹಾಕಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ನಾನು ಇದನ್ನೆಲ್ಲ ನಂಬದವನು.

ಗಿರಿಜಾ ನನ್ನನ್ನು ಬೈಯಲಿಲ್ಲ. ಹದಿಮೂರನೆಯ ದಿನ, ತಟ್ಟೆಯ ಮುಂದೆ ಕೂತವಳು, "ಎರಡ ನಿಮಿಷ ತಡದಿದ್ರ ಆಗ್ತಿತ್ತು," ಎಂದಳು. ಅಷ್ಟೇ. ಆಮೇಲೆ ನಮ್ಮ ಮನೆಯಲ್ಲಿ ಮಾತು ಎಂದರೆ ಹಾಲು, ತರಕಾರಿ, ಗ್ಯಾಸ್ ಸಿಲಿಂಡರು. ಬಿಸ್ಕತ್ತಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಹಸಿದ ಕೌದಿಯೇ ಮಗುವನ್ನು ತಿಂದಿತೆಂದು, ಹಸಿಯಲು ಬಿಟ್ಟವನು ನಾನೆಂದು ಒಪ್ಪಿದ ಹಾಗಾಗುತ್ತಿತ್ತು. ಮಗು ಇರುವ ಊರು ಬಿಟ್ಟು ಬರುವುದಿಲ್ಲ ಎಂದು ಅವಳು ಹಟ ಹಿಡಿದದ್ದರಿಂದ ನಾನು ವಡೋದರಾಕ್ಕೆ ವರ್ಗ ಕೇಳಿಕೊಂಡೆ. ಫತೇಗಂಜ್‌ನಲ್ಲಿ ಮನೆ ಮಾಡಿದೆವು.

ಎರಡು ವರ್ಷ ಕಳೆದಿತ್ತು. ಒಂದು ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬರುವಾಗ, ಚಹಾದ ಅಂಗಡಿಯ ಗೋಡೆಯ ಮೇಲೆ ಪೋಸ್ಟರು ಕಂಡಿತು. ಊರಿನ ಮ್ಯೂಸಿಯಂ ಒಂದರಲ್ಲಿ ಜನಪದ ಹೊದಿಕೆಗಳ ಪ್ರದರ್ಶನ. ಮನೆಗೆ ಬೇಗ ಹೋಗುವ ಧೈರ್ಯ ಆಗೆಲ್ಲ ನನಗೆ ಇರುತ್ತಿರಲಿಲ್ಲ. ಆದ್ದರಿಂದ ಒಳಗೆ ಹೊಕ್ಕೆ.

ಮಧ್ಯಾಹ್ನ ಮೂರು ಗಂಟೆ. ಕಿಟಕಿಗಳಿಂದ ಧಾರಾಳವಾಗಿ ಬಿಸಿಲು ಬೀಳುತ್ತಿತ್ತು. ಕಚ್ಛ್‌ನ ಕನ್ನಡಿ ಕೆಲಸ, ಸೌರಾಷ್ಟ್ರದ ಧಡಕಿ ಎಂಬ ಹೊದಿಕೆಗಳು, ಬಂಗಾಳದ ಕಸೂತಿ. ಕೊನೆಯ ಗಾಜಿನ ಪೆಟ್ಟಿಗೆಯ ಮುಂದೆ ಬಂದು ನಿಂತೆ. ಅವ್ವನ ನೀಲಿ ಸೆರಗು. ಹಸಿರು ಕುಪ್ಪಸದ ತುಂಡು. ಖಾಕಿಯ ಮೇಲೆ ಸುಟ್ಟ ಗುರುತು, ಅದರ ಸುತ್ತ ಹಳದಿ ದಾರದ ತೇಪೆ. ನಾಲ್ಕನೆಯ ಮೂಲೆ ಸ್ವಲ್ಪ ಉಬ್ಬಿತ್ತು. ಅದನ್ನು ಕರಿ ದಾರದಿಂದ ಕಟ್ಟಿದ್ದರು. ಬೂಟಿನ ಲೇಸಿನ ಗಂಟು.

ಪಕ್ಕದ ಚೀಟಿಯಲ್ಲಿ ಉತ್ತರ ಕರ್ನಾಟಕದ ಕೌದಿ ಎಂದಿತ್ತು. ಸಂಗ್ರಹಕ್ಕೆ ಸೇರಿದ್ದೆಂದು ಬರೆದಿದ್ದ ಇಸವಿ, ನಾನು ಹುಟ್ಟುವುದಕ್ಕೂ ಮುಂಚಿನದು. ಗಾಜಿನ ಮೇಲೆ ಕೈ ಇಟ್ಟಿರಬೇಕು, ಸ್ಟೂಲಿನ ಮೇಲೆ ಕೂತಿದ್ದ ಮುದುಕ ಕಾವಲುಗಾರ ಎದ್ದು ಬಂದ.

"ಸಾಹೇಬ್, ಹಾಥ್ ಮತ್ ಲಗಾಓ."

ಇದು ಯಾವಾಗ ಬಂದದ್ದು ಎಂದು ಹಿಂದಿಯಲ್ಲಿ ಕೇಳಿದೆ. "ತೀಸ್ ಸಾಲ್ ಸೇ ಗೋಡೌನ್ ಮೇ ಥಾ. ಪೆಹಲೀ ಬಾರ್ ನಿಕಾಲಾ ಹೈ," ಎಂದ. ಮೂವತ್ತು ವರ್ಷ ಗೋದಾಮಿನಲ್ಲೇ ಇತ್ತಂತೆ, ಪ್ರದರ್ಶನಕ್ಕೆ ತೆಗೆದದ್ದು ಇದೇ ಮೊದಲಂತೆ. ಆ ಗಂಟು ಯಾರು ಹಾಕಿದರೆಂದು ಕೇಳಿದೆ. ಹಾಗೆಯೇ ಬಂದಿತ್ತು, ತಾನು ಕೆಲಸಕ್ಕೆ ಸೇರಿದ ವರ್ಷ ತಾನೇ ಬಿಸಿಲಿಗೆ ಹಾಕಿದ್ದೆ ಎಂದ. ಅವನಿಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇರಲಿಲ್ಲ.

ಭಾನುವಾರ ಗಿರಿಜಾಳನ್ನು ಕರೆದುಕೊಂಡು ಹೋದೆ. ಏನಿದೆ ಎಂದು ಹೇಳಲಿಲ್ಲ. ನನಗೆ ಹುಚ್ಚು ಹಿಡಿದಿಲ್ಲ ಎಂದು ಇನ್ನೊಬ್ಬರಿಂದ ಕೇಳಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಾಗಿ ಕೇಳಿದರೆ ಎರಡು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಡಬಹುದು ಎಂಬ ಆಸೆ ಇತ್ತು.

ಅವಳು ಬಹಳ ಹೊತ್ತು ನಿಂತಳು. ಹಳದಿ ತೇಪೆಯ ನೇರಕ್ಕೆ ಗಾಜಿನ ಮೇಲೆ ಬೆರಳಿಟ್ಟಳು. ಕಾವಲುಗಾರ ಈ ಸಲ ಸ್ಟೂಲಿನಿಂದ ಏಳಲಿಲ್ಲ.

"ಥೇಟ್ ನಮ್ದರಂಗs ಐತಿ," ಎಂದಳು. "ಯಾರೋ ನನ್ನಂಗs ತ್ಯಾಪಿ ಹಾಕ್ಯಾರ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನಾಲ್ಕನೆಯ ಮೂಲೆಯನ್ನು ನೋಡಿದಳು.

"ಅಲ್ಲ ಬಿಡ್ರಿ, ನಮ್ದಲ್ಲ ಇದು. ಇದರ ಹೊಟ್ಟಿ ತುಂಬೇತಿ." ಗಾಜಿನಿಂದ ಬೆರಳು ತೆಗೆದು, "ಯಾವ ತಾಯಿನೋ, ಪುಣ್ಯವಂತಿ. ಉಣಿಸಿ ಹೊದಿಸ್ಯಾಳ," ಎಂದಳು.

ಹೇಳಬೇಕಾಗಿದ್ದದ್ದು ಆಗ. ನಾನು ಆಟೋ ಕರೆಯಲು ಹೊರಗೆ ನಡೆದೆ. ಆಟೋದಲ್ಲಿ ಅವಳು ಹೊರಗೆ ನೋಡುತ್ತ ಕೂತಳು, ನಾನು ಚಾಲಕನ ಬೆನ್ನು ನೋಡುತ್ತ ಕೂತೆ.

ಪ್ರದರ್ಶನ ಮುಗಿದ ಮೇಲೆ ಹೋಗಿ ವಿಚಾರಿಸಿದೆ. ಹೊದಿಕೆಗಳೆಲ್ಲ ಅಹಮದಾಬಾದಿನ ಇನ್ನೊಂದು ಪ್ರದರ್ಶನಕ್ಕೆ ಹೋಗಿವೆ ಎಂದರು. ಅಲ್ಲಿಗೂ ಹೋದೆ. ನಮ್ಮ ಕಡೆಯ ಕೌದಿಗಳು ಮೂರಿದ್ದವು. ಅದು ಇರಲಿಲ್ಲ. ಬಂದದ್ದೇ ಮೂರು ಎಂದು ಅಲ್ಲಿಯವರು ಪಟ್ಟಿ ತೋರಿಸಿದರು. ಒಂದು ದಿನ ಎದೆ ಗಟ್ಟಿಮಾಡಿಕೊಂಡು ನದಿಯ ದಂಡೆಗೂ ಹೋದೆ. ಅಗೆದು ನೋಡುವ ಯೋಚನೆಯೇ ಇತ್ತು, ಮುಚ್ಚಿಟ್ಟು ಏನು ಪ್ರಯೋಜನ. ಆದರೆ ಮಳೆಗಾಲದ ನೀರು ದಂಡೆಯನ್ನೇ ಕೊರೆದುಕೊಂಡು ಹೋಗಿತ್ತು. ನನ್ನ ಮಗಳು ಎಲ್ಲಿದ್ದಳು ಎಂಬ ಗುರುತೂ ನನಗೆ ಉಳಿದಿಲ್ಲ.

ವರ್ಷಗಳು ಕಳೆದಿವೆ. ಒಂದೇ ತರಹದ ಬಟ್ಟೆ, ಒಂದೇ ತರಹದ ಗಂಟು, ಕಣ್ಣಿನ ಭ್ರಮೆ ಎಂದು ಏನೇನೋ ಸಮಾಧಾನ ಹೇಳಿಕೊಂಡಿದ್ದೇನೆ. ಒಂದೂ ನನಗೆ ಒಪ್ಪಿಗೆಯಾಗಿಲ್ಲ. ಆ ಭಾನುವಾರದಿಂದ ಗಿರಿಜಾ ರೊಟ್ಟಿ ಬಡಿಯುವಾಗ ಮೊದಲ ರೊಟ್ಟಿಯಿಂದ ಒಂದು ಚೂರು ಮುರಿದು ಪಕ್ಕಕ್ಕೆ ಇಡುತ್ತಾಳೆ. ಸಂಜೆ ಅದನ್ನು ತಾನೇ ತೆಗೆದು ಹಕ್ಕಿಗಳಿಗೆ ಹಾಕುತ್ತಾಳೆ. ಅದು ಯಾರಿಗೆ ಎಂದು ನಾನು ಇದುವರೆಗೂ ಕೇಳಿಲ್ಲ. ಕೇಳಿದರೆ ಬಿಸ್ಕತ್ತಿನ ಮಾತನ್ನೂ ಹೇಳಬೇಕಾಗುತ್ತದೆ.