ಐದು ಸ್ಪೀಕರು, ಮಾವನ ಎರಡು ಕಿವಿ

ನಮ್ಮ ಮನೆಯ ಟಿವಿಗೆ ಬಂದ ಕಾಯಿಲೆ ವಿಚಿತ್ರವಾದದ್ದು. ಕೇಬಲ್ ಚಾನೆಲ್ ಹಾಕಿದರೆ ಹೋಮ್ ಥಿಯೇಟರಿನ ಐದೂ ಸ್ಪೀಕರುಗಳು ಗಂಟಲು ಬಿಚ್ಚಿ ಕೂಗುತ್ತಿದ್ದವು. ಅದೇ ಟಿವಿಯೊಳಗಿನ ಆ್ಯಪ್ ತೆರೆದು ಸಿನಿಮಾ ಹಾಕಿದರೆ ಐದೂ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದವು. ಟಿವಿಯ ಹೊಟ್ಟೆಯೊಳಗಿಂದ ಮಾತ್ರ ನೆಗಡಿಯಾದವರ ಹಾಗೆ ತೆಳ್ಳಗೆ ದನಿ ಬರುತ್ತಿತ್ತು. ಮಾತು ಅರ್ಥವಾಗುತ್ತಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ನಾಯಕ ಬೆಟ್ಟದ ತುದಿಯಲ್ಲಿ ನಿಂತು ಅಬ್ಬರಿಸಿದರೂ ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳಿದ ಹಾಗಿರುತ್ತಿತ್ತು.

ಬೇರೆ ಮನೆಯಾಗಿದ್ದರೆ ಇದೊಂದು ಸಣ್ಣ ತಲೆನೋವು, ಅಷ್ಟೆ. ನಮ್ಮಲ್ಲಿ ಅದಕ್ಕೆ ಮಾವನ ಸ್ಕೂಟರ್ ಬಲಿಯಾಯಿತು.

ನಾನು ವಿಲ್ಸನ್ ಗಾರ್ಡನ್ನಿನಿಂದ ಬಿಳೇಕಹಳ್ಳಿಗೆ ಸೊಸೆಯಾಗಿ ಬಂದವಳು. ಮಾವನ ಮನೆಯವರು ಇಲ್ಲಿನ ಹಳಬರು. ಈಗ ನಮ್ಮ ಕಟ್ಟಡ ಇರುವ ಜಾಗದಲ್ಲೇ ಅವರ ಸೊಪ್ಪಿನ ತೋಟವಿತ್ತಂತೆ. ತೋಟ ಹೋಗಿ ಮೂರಂತಸ್ತಿನ ಮನೆ ಬಂತು, ಮೇಲಿನ ಮನೆಗಳಿಗೆ ಬಾಡಿಗೆಯವರು ಬಂದರು, ಆದರೆ ಸೊಪ್ಪಿನ ಹುಚ್ಚು ಮಾವನನ್ನು ಬಿಡಲಿಲ್ಲ. ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ ಮಡಿವಾಳ ಮಾರ್ಕೆಟ್ಟಿಗೆ ಹೊರಡುತ್ತಿದ್ದರು. ಮನೆಗೆ ಬೇಕಾದದ್ದು ಒಂದು ಕಟ್ಟು ದಂಟಿನ ಸೊಪ್ಪು. ಅದಕ್ಕಾಗಿ ಮಾರ್ಕೆಟ್ಟೆಲ್ಲ ಸುತ್ತಿ, ಕಟ್ಟು ಬಿಚ್ಚಿಸಿ, ಬೇರು ಮೂಸಿ, ವ್ಯಾಪಾರದವರ ಜೊತೆ ಜಗಳ ಆಡಿ, ಕೊನೆಗೆ ಅವರ ಹತ್ತಿರವೇ ಟೀ ಕುಡಿದು ಬರುತ್ತಿದ್ದರು. ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ವರದಿ: ಯಾರು ನಿನ್ನೆಯ ಪಾಲಕ್ಕಿಗೆ ನೀರು ಚಿಮುಕಿಸಿ ಇವತ್ತಿನದು ಎನ್ನುತ್ತಿದ್ದರು, ಯಾರ ಮೆಂತ್ಯ ಅಸಲಿ. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ನನಗೆ ಮಾವ ತುಂಬ ಇಷ್ಟವಾಗುತ್ತಿದ್ದದ್ದು ಆಗಲೇ.

ಹೋಮ್ ಥಿಯೇಟರ್ ತಂದದ್ದೂ ಅವರೇ. "ಹಾಲು ಇಷ್ಟ್ ದೊಡ್ಡದು ಕಟ್ಸಿದೀನಿ, ಸೌಂಡು ಚಿಕ್ಕದಾದ್ರೆ ಹೆಂಗೆ?" ಎಂದು ಅವರ ವಾದ. ಶನಿವಾರ ಸಂಜೆ ನಾವು ನಾಲ್ಕೂ ಜನ ಕೂತು ಆ್ಯಪಿನಲ್ಲಿ ಸಿನಿಮಾ ನೋಡುವುದು ಮನೆಯ ಪದ್ಧತಿ. ನಾನು ಮತ್ತು ನನ್ನ ಗಂಡ ಸೋಫಾದಲ್ಲಿ, ಅತ್ತೆ ಮಾವ ದಿವಾನದ ಮೇಲೆ. ದಸರಾ ಕಳೆದ ಮೇಲಿನ ಶನಿವಾರ ದನಿ ಹೀಗೆ ಸೊರಗಿತು. ಮಾವ ಸುಮ್ಮನಿರಲಿಲ್ಲ.

"ಮಗಾ, ಏನೂ ಕೇಳಿಸ್ತಿಲ್ಲ ಕಣಮ್ಮ. ಇನ್ನೊಂಚೂರು ಏರ್ಸು."

ಏರಿಸಿದೆ. ಮತ್ತೆ, "ಇನ್ನೊಂಚೂರು." ಟಿವಿ ಗಡಗಡ ಎನ್ನುವಷ್ಟು ಏರಿಸಿದೆ. ಮರುದಿನ ಮೇಲಿನ ಮನೆಯ ಹುಬ್ಬಳ್ಳಿ ಕಡೆಯ ಹುಡುಗ ಮೆಟ್ಟಿಲಲ್ಲಿ ಸಿಕ್ಕಿ, "ಅಕ್ಕಾರ, ನಿನ್ನಿ ಪಿಚ್ಚರ್ ಛಲೋ ಇತ್ತು ನೋಡ್ರಿ. ನಡುವ ನಿದ್ದಿ ಹತ್ತಿಬಿಡ್ತು, ಕಡೀಕ ಏನಾತ್ರಿ?" ಎಂದ. ನನಗೆ ನಗು ಬಂತು. ನನ್ನ ಗಂಡನಿಗೆ ಬರಲಿಲ್ಲ.

ಅವರದು ಬನ್ನೇರುಘಟ್ಟ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಯಾವ ಸಮಸ್ಯೆ ಬಂದರೂ ಎರಡು ಮಾತಿನಲ್ಲಿ ಮುಗಿಸುವವರು. "ಟಿವಿ ಸರಿ ಇದೆ. ನಮಗೆಲ್ಲ ಕೇಳಿಸ್ತಿದ್ಯಲ್ಲ? ಅಪ್ಪಂಗೆ ಕಿವಿ ಹೋಗಿದೆ" ಎಂದು ತೀರ್ಪು ಕೊಟ್ಟರು. ಆಮೇಲೆ ಅವರ ಮನಸ್ಸು ಸೀದಾ ಮಾರ್ಕೆಟ್ಟಿನ ದಾರಿಯಲ್ಲಿರುವ ಸಿಲ್ಕ್ ಬೋರ್ಡ್ ಸರ್ಕಲ್ಲಿನ ಕಡೆಗೆ ಓಡಿತು. ಕಿವಿ ಕೇಳಿಸದ ಮನುಷ್ಯ ಆ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿದರೆ? ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ? ಭಾನುವಾರ ಬೆಳಿಗ್ಗೆ ಅವರು ಅಪ್ಪನ ಮುಂದೆ ಕೂತು ಕೇಳಿಯೇಬಿಟ್ಟರು.

"ಅಪ್ಪ, ನಿಜ ಹೇಳು. ಕಿವಿ ಮಂದ ಆಗಿದ್ಯಾ?"

ಅತ್ತೆ ಅಲ್ಲೇ ಪಕ್ಕದಲ್ಲಿ ಕೂತು ತಲೆ ಬಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಾವ ಒಮ್ಮೆ ಅವರ ಕಡೆ ನೋಡಿ, "ಹೂಂ ಕಣೋ, ಸ್ವಲ್ಪ ಮಂದ ಆಗಿರ್ಬೇಕು" ಎಂದರು.

"ಹಂಗಾದ್ರೆ ಡಾಕ್ಟ್ರಿಗೆ ತೋರಿಸೋವರೆಗೂ ಸ್ಕೂಟರ್ ಬೇಡ."

ಮಾವ ಎದ್ದು ಹೋಗಿ ಕೀ ತಂದು ಮಗನ ಕೈಗೆ ಕೊಟ್ಟರು. ಒಂದು ಕಟ್ಟು ಕೊತ್ತಂಬರಿಗಾಗಿ ಇಡೀ ಮಾರ್ಕೆಟ್ಟನ್ನು ತಲೆಕೆಳಗು ಮಾಡುವ ಮನುಷ್ಯ ಕೀಗಾಗಿ ಜಗಳವನ್ನೇ ಆಡಲಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾತ್ರ, "ನೋಡೋಣ ತಡಿ" ಎಂದು ಜಾರಿಕೊಳ್ಳುತ್ತಿದ್ದರು.

ಆಮೇಲಿನ ಬೆಳಗುಗಳು ನೋಡುವ ಹಾಗಿರಲಿಲ್ಲ. ಸೊಪ್ಪು ಫೋನಿನ ಆ್ಯಪಿನಿಂದ ಬರತೊಡಗಿತು. ಮಾವ ಪ್ಲಾಸ್ಟಿಕ್ ಚೀಲದೊಳಗಿನ ಪಾಲಕ್ಕನ್ನು ಎತ್ತಿ ಹಿಡಿದು, "ಇದೇನು ಸೊಪ್ಪೋ, ಒಗೆದು ಒಣಗಾಕಿರೋ ಬಟ್ಟೆಯೋ?" ಎನ್ನುತ್ತಿದ್ದರು. ಅಷ್ಟೆ. ಆಮೇಲೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದು ಕೂತರೆ ತಿಂಡಿಗೆ ಕರೆಯುವವರೆಗೂ ಅದೇ ಪುಟ. ಆ ಟಿವಿಯ ದನಿ ನಿಜವಾಗಿಯೂ ಕೆಟ್ಟಿದೆ, ಅದನ್ನು ಸರಿಮಾಡಿ ತೋರಿಸಿದರೆ ನನ್ನ ಗಂಡ ಬಾಯಿ ಮುಚ್ಚಿಕೊಂಡು ಕೀ ವಾಪಸ್ ಕೊಡುತ್ತಾರೆ ಎಂದು ಲೆಕ್ಕ ಹಾಕಿದೆ. ಹಟಕ್ಕೆ ಬಿದ್ದರೆ ನಾನು ಯಾರಿಗೂ ಕಡಿಮೆಯಿಲ್ಲ.

ಮೊದಲು ಆ್ಯಪಿನ ಒಳಗೆ ಹೊಕ್ಕೆ. ಸಿನಿಮಾ ನಿಲ್ಲಿಸಿ ಭಾಷೆ ಆರಿಸುವ ಕಡೆ ಹೋದರೆ ಕನ್ನಡ ಎಂದು ಒಂದು, ಕನ್ನಡ ಐದು ಪಾಯಿಂಟ್ ಒಂದು ಎಂದು ಇನ್ನೊಂದು. ಎರಡನೆಯದು ಸರೌಂಡ್. ಅದನ್ನು ಒತ್ತಿದೆ, ಏನೂ ಆಗಲಿಲ್ಲ. ಟಿವಿಯ ಸೆಟ್ಟಿಂಗಿನಲ್ಲಿ ದನಿ ಎಲ್ಲಿಂದ ಬರಬೇಕು ಎನ್ನುವ ಕಡೆ ಹೋಮ್ ಥಿಯೇಟರ್ ಎಂದು ಒತ್ತಿದರೆ, ಅಂಥದ್ದು ಯಾವುದೂ ಸಿಕ್ಕಿಲ್ಲ ಎಂದು ಟಿವಿ ಹೇಳಿತು. ಸಿಕ್ಕಿಲ್ಲವಂತೆ! ಕೈಯಳತೆಯಲ್ಲಿ ಕೂತಿದೆ, ಮಾವ ಅದಕ್ಕೊಂದು ಗಾಜಿನ ಬೀರು ಬೇರೆ ಮಾಡಿಸಿದ್ದಾರೆ. ಕಸ್ಟಮರ್ ಕೇರಿನ ಹುಡುಗಿ ಆಫ್ ಮಾಡಿ ಆನ್ ಮಾಡಿ ಮೇಡಂ ಎಂದಳು. ಮಾಡಿದ್ದೀನಮ್ಮ ಎಂದೆ. ಇನ್ನೊಂದು ಸಲ ಮಾಡಿ ಎಂದಳು. ಆಮೇಲೆ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಯಾವುದೋ ವಿಡಿಯೋ ನೋಡಿ ವಿಷಯ ತಿಳಿಯಿತು. ಕೇಬಲ್ಲಿನ ಡಬ್ಬಿ ನೇರವಾಗಿ ಹೋಮ್ ಥಿಯೇಟರಿಗೆ ಹೋಗುತ್ತದೆ, ಆದ್ದರಿಂದ ಅದರ ದನಿಗೆ ತೊಂದರೆಯಿಲ್ಲ. ಆ್ಯಪುಗಳು ಇರುವುದು ಟಿವಿಯ ಒಳಗೆ. ಅವುಗಳ ದನಿ ಟಿವಿಯಿಂದ ಹಿಂದಕ್ಕೆ ಹೋಮ್ ಥಿಯೇಟರಿಗೆ ಹರಿದು ಬರಬೇಕು. ಹಾಗೆ ಹಿಂದಕ್ಕೆ ಬಿಡುವ ತೂತು ಟಿವಿಯ ಬೆನ್ನಿನಲ್ಲಿ ಒಂದೇ ಒಂದು. ಅದರ ಪಕ್ಕ ಎ, ಆರ್, ಸಿ ಎಂದು ಸಣ್ಣ ಅಕ್ಷರಗಳಿರುತ್ತವೆ. ತಂತಿ ಬೇರೆ ತೂತಿನಲ್ಲಿದ್ದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ದನಿ ಮಾತ್ರ ಹಿಂದಕ್ಕೆ ಹೋಗುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸ್ಟೂಲ್ ಹತ್ತಿ, ಟಿವಿಯನ್ನು ಗೋಡೆಯಿಂದ ಸ್ವಲ್ಪ ಎಳೆದು, ಮೊಬೈಲಿನ ಟಾರ್ಚ್ ಬಿಟ್ಟೆ. ಪ್ರತಿಯೊಂದು ತೂತಿನ ಪಕ್ಕದಲ್ಲೂ ಗಂಧ, ಅದರ ಮೇಲೆ ಒಂದೊಂದು ಕುಂಕುಮದ ಬೊಟ್ಟು. ಆಯುಧಪೂಜೆಯದು! ನಮ್ಮ ಮನೆಯಲ್ಲಿ ಆ ದಿನ ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೆ ಯಾವುದಕ್ಕೂ ವಿನಾಯಿತಿಯಿಲ್ಲ. ನನ್ನ ಗಂಡ ಎಲ್ಲ ತಂತಿ ಕಿತ್ತು, ಒರೆಸಿ, ಮುಂದೆ ಇಡುತ್ತಾರೆ. ಅತ್ತೆ ಭಕ್ತಿಯಿಂದ ಬೊಟ್ಟಿಡುತ್ತಾರೆ. ಈ ಸಲ ಅವರ ಭಕ್ತಿ ಟಿವಿಯ ಬೆನ್ನಿಗೂ ತಲುಪಿತ್ತು. ಬೊಟ್ಟನ್ನು ಒಂದೊಂದಾಗಿ ಬೆರಳಿನಿಂದ ಒರೆಸಿದೆ. ಎರಡನೆಯ ಬೊಟ್ಟಿನ ಕೆಳಗೆ ಆ ಮೂರಕ್ಷರ ಸಿಕ್ಕವು. ಅಕ್ಷರ ಕಾಣದೆ ನನ್ನ ಗಂಡ ತಂತಿಯನ್ನು ಪಕ್ಕದ ತೂತಿಗೆ ಚುಚ್ಚಿದ್ದರು.

ದೇವರಿಗೊಂದು ಕ್ಷಮೆ ಕೇಳಿ ತಂತಿ ಬದಲಿಸಿದೆ. ಆ್ಯಪ್ ತೆರೆದು ಸಿನಿಮಾ ಹಾಕಿದ ಕೂಡಲೇ ನಮ್ಮ ತಲೆಯ ಹಿಂದಿನಿಂದ ಕುದುರೆಗಳು ಓಡಿ ಬಂದವು. ನಾನು ಸ್ಟೂಲಿನ ಮೇಲೆಯೇ ನಿಂತು ಕೇಕೆ ಹಾಕಿದೆ. "ನೋಡಿ, ಅಪ್ಪನ ಕಿವಿ ಹೋಗಿದೆ ಅಂದ್ರಲ್ಲ, ಹೋಗಿದ್ದು ನೀವು ಚುಚ್ಚಿದ್ ವೈರು!" ಎಂದು ಗಂಡನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡೆ. ಅವರು ತಲೆ ಕೆರೆದುಕೊಂಡರು.

ಆಗ ದಿವಾನದ ಮೇಲಿಂದ ಮಾವನ ದನಿ ಬಂತು. "ಮಗಾ, ಇನ್ನೊಂಚೂರು ಏರ್ಸು."

ನನ್ನ ಮುಖ ಇಷ್ಟು ಚಿಕ್ಕದಾಯಿತು. ನನ್ನ ಗಂಡ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಬೇಸರವಿತ್ತು. ಅದು ನನ್ನನ್ನು ಇನ್ನಷ್ಟು ಕೆಣಕಿತು.

ಹೋಮ್ ಥಿಯೇಟರಿನಲ್ಲೇ ಒಂದು ಪರೀಕ್ಷೆ ಇದೆ. ಬಟನ್ ಒತ್ತಿದರೆ ಕುಕ್ಕರ್ ಸೀಟಿ ಹೊಡೆಯುವ ಮುಂಚಿನ ಹಾಗೆ ಒಂದು ಸುಂಯ್ ಶಬ್ದ ಒಂದಾದ ಮೇಲೊಂದು ಸ್ಪೀಕರಿನಿಂದ ಬರುತ್ತ ಕೋಣೆಯನ್ನು ಸುತ್ತುತ್ತದೆ. ನಾನು ಎಲ್ಲರನ್ನೂ ಕೂರಿಸಿ, "ಕಣ್ ಮುಚ್ಕೊಳ್ಳಿ, ಶಬ್ದ ಎಲ್ಲಿಂದ ಬಂತೋ ಆ ಕಡೆ ಬೆರಳು ತೋರಿಸಿ" ಎಂದು ಅಭಿನಯಿಸಿಯೂ ತೋರಿಸಿದೆ. ದನಿಯನ್ನು ತೀರಾ ಇಳಿಸಿದೆ, ನನಗೇ ಕಷ್ಟದಲ್ಲಿ ಕೇಳಿಸುವಷ್ಟು.

ಮುಂದಿನ ಎಡಗಡೆ. ಮಾವನ ಬೆರಳು ಅತ್ತ ಹೋಯಿತು. ನಡುವೆ, ಬಲಗಡೆ, ಹಿಂದೆ ಬಲಗಡೆ, ಹಿಂದೆ ಎಡಗಡೆ. ಮುಚ್ಚಿದ ಕಣ್ಣಿನಲ್ಲಿ ಆಟಕ್ಕೆ ಬಿದ್ದ ಮಗುವಿನ ಹಾಗೆ ನಗುತ್ತ ಮಾವ ಒಂದನ್ನೂ ತಪ್ಪಿಸಲಿಲ್ಲ. ನನ್ನ ಗಂಡನೇ ಒಂದನ್ನು ತಪ್ಪಿಸಿದರು. "ಅಪ್ಪ! ನಿನ್ ಕಿವಿ ಸಖತ್ತಾಗಿದೆ!" ಎಂದು ಕೂಗಿ, ಜೇಬಿನಿಂದ ಸ್ಕೂಟರಿನ ಕೀ ತೆಗೆದರು.

ಆ ಕೂಗಿಗೆ ಮಾವ ಕಣ್ಣು ಬಿಟ್ಟರು. ಬಿಟ್ಟವರು ಕೀ ನೋಡಲಿಲ್ಲ, ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿದರು. ಅತ್ತೆಯ ಬೆರಳು ಮೊದಲಿನಿಂದಲೂ ಟಿವಿಯ ಕಡೆಗೇ ಇತ್ತು. ಈಗ ಕಣ್ಣು ತೆರೆದು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತ, ಆಟ ಮುಗಿಯಿತೋ ಇಲ್ಲವೋ ತಿಳಿಯದೆ, ಬೆರಳನ್ನು ಹಾಗೇ ಹಿಡಿದಿದ್ದರು.

"ಇನ್ನೊಂದ್ಸಲ ಹಾಕಮ್ಮ" ಎಂದರು ಮಾವ ಅವಸರದಿಂದ. "ನಾನು ಸುಮ್ನೆ ಅಂದಾಜಲ್ಲಿ ತೋರಿಸ್ದೆ."

ಹಾಕಿದೆ. ಈ ಸಲ ಶಬ್ದ ಬಲಗಡೆಯಿಂದ ಬಂದರೆ ಮಾವ ಎಡಕ್ಕೆ ತೋರಿಸಿದರು. ಹಿಂದಿನಿಂದ ಬಂದರೆ ಕಿಟಕಿಗೆ. ಒಂದೂ ಸರಿಯಿಲ್ಲ. ಅಂದಾಜಿನಲ್ಲಿ ತೋರಿಸುವವರಿಗೆ ಒಂದಾದರೂ ಅಪ್ಪಿತಪ್ಪಿ ಸರಿಹೋಗುತ್ತದೆ. ಎಲ್ಲವನ್ನೂ ತಪ್ಪು ತೋರಿಸಬೇಕಾದರೆ ಎಲ್ಲವೂ ಸರಿಯಾಗಿ ಕೇಳಿಸಬೇಕು. ದನಿ ಏರ್ಸು ಎಂದು ಮಾವ ಇಷ್ಟು ದಿನ ಕೇಳಿದ್ದು ಯಾರಿಗಾಗಿ ಎಂದು ಆಗ ತಿಳಿಯಿತು.

ಅತ್ತೆ ದೇವಸ್ಥಾನದ ಭಜನಾ ಮಂಡಳಿಯ ಮುಂದಾಳು. ಅವರು ಮೊದಲ ಸಾಲು ಎತ್ತಿಕೊಡಬೇಕು, ಉಳಿದ ಹೆಂಗಸರು ಹಿಂದೆ ಹಾಡಬೇಕು. ಹಿಂದೆ ಹಾಡುವವರ ದನಿ ಕೇಳಿಸದಿದ್ದರೆ ಮುಂದಿನ ಸಾಲು ಯಾವಾಗ ಎತ್ತುವುದು? ಈ ಸುದ್ದಿ ಹೊರಗೆ ಹೋದರೆ ಆ ಜಾಗ ಹೋದ ಹಾಗೆಯೇ. ಅದೊಂದು ಜಾಗದಲ್ಲಿ ಮಾತ್ರ ನಮ್ಮ ಅತ್ತೆ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ನಾನು ರಿಮೋಟ್ ಒತ್ತಿ ಆ ಶಬ್ದ ನಿಲ್ಲಿಸಿದೆ.

ನನ್ನ ಗಂಡನಿಗೆ ಇದ್ಯಾವುದೂ ಹೊಳೆಯಲಿಲ್ಲ. "ಛೆ, ಮೊದಲನೇದು ಲಕ್ಕು" ಎಂದು ಪೆಚ್ಚಾಗಿ ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಅವರ ಮಾತು ಅತ್ತೆಗೆ ಕೇಳಿಸಿತೋ ಇಲ್ಲವೋ. ಕೀ ಜೇಬಿಗೆ ಹೋದದ್ದು ಕಂಡಿತು. ಅವರು ದಿವಾನದಿಂದ ಇಳಿದು, ಮಗನ ಮುಂದೆ ಬಂದು ಕೈ ಚಾಚಿದರು.

"ಅದನ್ ಕೊಡು ಇಲ್ಲಿ. ಅವರ ಕಿವಿಗೆ ಏನೂ ಆಗಿಲ್ಲ. ಹೋಗಿರೋದು ನಂದು. ಎಡಗಡೆದು ಪೂರ್ತಿ ಹೋಗಿದೆ, ಬಲಗಡೆದು ಅರ್ಧಂಬರ್ಧ ಕೇಳಿಸ್ತದೆ. ಹೇಳ್ತೀನಿ ಅಂದ್ರೆ ಇವರು ಬಿಡ್ಲಿಲ್ಲ. ನನ್ ಸ್ಕೂಟರ್ ಹೋದ್ರೆ ಹೋಗ್ಲಿ, ನಿನ್ ಭಜನೆ ಹೋಗೋದ್ ಬೇಡ ಅಂತಾರೆ."

ನನ್ನ ಗಂಡ ಕೀ ಕೊಟ್ಟರು. ಕೊಡುವಾಗ ಅವರ ಕಣ್ಣು ತುಂಬಿತ್ತು, ನನ್ನದೂ. ಅತ್ತೆ ಅದನ್ನು ಮಾವನ ಮಡಿಲಿಗೆ ಹಾಕಿ, "ನಾಳೆ ಡಾಕ್ಟ್ರ ಹತ್ರ ನಾನೇ ಹೋಗ್ತೀನಿ. ಭಜನೆಯೋರು ಏನಂತಾರೋ ಅನ್ಲಿ" ಎಂದು ಮಾವನ ಬಲಕ್ಕೆ ಕೂತರು. ಮಾವ ಕೀಯನ್ನು ಮುಟ್ಟಲೇ ಇಲ್ಲ. ಅವರಿಗೆ ಕೋಪ ಬಂದಿತ್ತು. ಹೆಂಡತಿಯ ಮೇಲೆ ಅವರಿಗೆ ಅಷ್ಟು ಕೋಪ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ನಮಗೆ ಕೇಳಿಸದಿರಲಿ ಎಂದು ತೀರಾ ಮೆಲ್ಲಗೆ, "ಯಾಕೇ ಹೇಳ್ಬಿಟ್ಟೆ?" ಎಂದರು.

ಅತ್ತೆ ಟಿವಿಯ ಕಡೆ ನೋಡುತ್ತ ಸುಮ್ಮನೆ ಕೂತಿದ್ದರು. ಮಾವ ಸ್ವಲ್ಪ ಹೊತ್ತು ಕಾದರು. ಆಮೇಲೆ ಎದ್ದು, ದಿವಾನವನ್ನು ಸುತ್ತಿಕೊಂಡು ಬಂದು, ಅತ್ತೆಯ ಬಲಗಡೆ ಕೂತು, ಅದನ್ನೇ ಮತ್ತೆ ಕೇಳಿದರು.