ಚಿತ್ರ ಚೆನ್ನಾಗಿ ಬಂದ ದಿನ

ಎರಡು ವರ್ಷದ ಹಿಂದಿನ ಮಾತು. ಪ್ರಸೂತಿ ತಜ್ಞೆಯಾಗಿ ನಿವೃತ್ತಳಾದ ಮೇಲೆ ನವಲಗುಂದ, ಕುಂದಗೋಳ ಕಡೆಯ ಯುವ ವೈದ್ಯರಿಗೆ ಸ್ಕ್ಯಾನಿಂಗ್ ತರಬೇತಿ ಕೊಡುತ್ತಿದ್ದೆ. ವಿಷಯ, ಪ್ಲಾಸೆಂಟಾ ಅಕ್ರೀಟಾ. ಅಂದರೆ ಹಿಂದಿನ ಸಿಸೇರಿಯನ್ ಕಲೆಯೊಳಕ್ಕೆ ಮಾಸು ಬೇರುಬಿಟ್ಟು ಕೂಡುವುದು. ಮೊದಲೇ ತಿಳಿಯದಿದ್ದರೆ ಹೆರಿಗೆಯಲ್ಲಿ ಮಾಸು ಬಿಡಿಸಲು ಹೋದಾಗ ರಕ್ತ ನಿಲ್ಲುವುದಿಲ್ಲ, ತಾಯಿ ಉಳಿಯುವುದು ಕಷ್ಟ. ಸ್ಕ್ಯಾನಿನಲ್ಲಿ ಗರ್ಭಕೋಶ ಮತ್ತು ಮೂತ್ರಕೋಶದ ನಡುವಿನ ಗೆರೆ ಕಾಣಬೇಕಾದರೆ ಮೂತ್ರಕೋಶ ತುಂಬಿರಬೇಕು.

ಆ ದಿನ ತಿರ್ಲಾಪುರದ ಮಂಜುಳಾ ಬಂದಿದ್ದಳು. ಏಳು ತಿಂಗಳ ಗರ್ಭಿಣಿ, ಮೊದಲಿನ ಎರಡೂ ಹೆರಿಗೆ ಸಿಸೇರಿಯನ್. ನೀರು ಕುಡಿಸಿ ಮಲಗಿಸಿದೆವು. ಗೆರೆ ಅಲ್ಲಲ್ಲಿ ಅಳಿಸಿಹೋಗಿತ್ತು, ಅದೇ ಅಕ್ರೀಟಾದ ಗುರುತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕೇಸ್ ಸಿಗದೆಂದು ಹಿಗ್ಗಿ, ಒಬ್ಬೊಬ್ಬರ ಕೈಗೂ ಪ್ರೋಬ್ ಕೊಟ್ಟು ಅವಳ ಕಿಬ್ಬೊಟ್ಟೆಯ ಮೇಲೆ ಒತ್ತಿ ನೋಡಲು ಹೇಳಿದೆ.

"ಅಕ್ಕಾರ, ಒಂದ್ ಸಲ ಹೊರಗ ಹೋಗಿ ಬರ್ತೇನ್ರಿ," ಎಂದಳು.

"ತಡಿಯವ್ವಾ, ಚಿತ್ರ ಅಗದಿ ಛಲೋ ಬರಾಕತ್ತೈತಿ," ಎಂದೆ. ಪರದೆಯಿಂದ ಕಣ್ಣು ಕೀಳಲಿಲ್ಲ.

ಮತ್ತೊಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ. ಮೇಜಿನಿಂದ ನೆಲಕ್ಕೆ ಹನಿ ಬೀಳತೊಡಗಿದಾಗ ವೈದ್ಯರೆಲ್ಲ ಹಿಂದೆ ಸರಿದರು. ಮಂಜುಳಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕೆಂದು ನಾನು ವಿವರಿಸುವಷ್ಟರಲ್ಲಿ ಒದ್ದೆ ಸೀರೆಯಲ್ಲೇ ಹೊರಟುಹೋದಳು.

ಆಮೇಲೆ ನಾನು ಎಷ್ಟು ಸಲ ಮಾಡಿದರೂ ಅವಳು ಫೋನ್ ಎತ್ತಲಿಲ್ಲ. ಊರಿನ ಆಶಾ ಕಾರ್ಯಕರ್ತೆಯ ಹತ್ತಿರ, "ಯಾವ ದವಾಖಾನಿಗೂ ಬರೂದಿಲ್ಲ, ಮನ್ಯಾಗ ಹಡೀತೇನಿ," ಅಂದಳಂತೆ. ಮನೆಯಲ್ಲಿ ಹೆತ್ತರೆ ಸಾವು ಖಚಿತ. ರೋಗ ಕಂಡುಹಿಡಿದ ಕೈಯಿಂದಲೇ ರೋಗಿಯನ್ನು ಓಡಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಿರ್ಲಾಪುರಕ್ಕೆ ನಾನೇ ಹೋದೆ. ಮಂಜುಳಾ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು, ಎದ್ದೇಳಲಿಲ್ಲ. ಅವಳ ಅತ್ತೆ ತಂದಿಟ್ಟ ಚಹಾ ಕುಡಿಯುವ ಮುಖ ನನಗಿರಲಿಲ್ಲ. "ತಪ್ಪು ನಂದೈತವ್ವಾ," ಎಂದು ಕಾಯಿಲೆಯನ್ನು ಬಿಡಿಸಿ ಹೇಳಿದೆ. ಹುಬ್ಬಳ್ಳಿಯಲ್ಲಿ ಹೆತ್ತರೆ ಗರ್ಭಕೋಶ ಹೋಗಬಹುದು, ಜೀವ ಉಳಿಯುತ್ತದೆ ಎಂದೆ. ಮಂಜುಳಾ ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿದಳು.

"ಅಲ್ಲೂ ಮಂದಿ ನಿಂತ ನೋಡ್ತಾರೇನ್ರಿ?"

"ಬ್ಯಾಡಾದವರನ್ನ ಒಳಗ ಬಿಡೂದಿಲ್ಲ. ನಾನ ಬಾಗಲದಾಗ ನಿಂದರ್ತೇನಿ."

ಹುಬ್ಬಳ್ಳಿಗೆ ಬಂದಳು. ನಾನು ಬಾಗಿಲಲ್ಲಿ ನಿಂತೆ. ಗರ್ಭಕೋಶ ತೆಗೆಯಬೇಕಾಯಿತು, ತಾಯಿ ಮಗು ಇಬ್ಬರೂ ಉಳಿದರು.

ಡಿಸ್ಚಾರ್ಜ್ ದಿನ ಮಂಜುಳಾ ಕೇಳಿದಳು, "ಅವತ್ತ ಚಿತ್ರ ಛಲೋ ಬಂದಿತ್ತೇನ್ರಿ?"

ತಲೆ ತಗ್ಗಿಸಿದೆ. "ಬಂದಿತ್ತವ್ವಾ."

"ಹಂಗಾರ ಕಲಿಯಾವರಿಗೆ ತೋರಸ್ರಿ. ನನ್ನ ಮುಖ ಒಂದ್ ಬ್ಯಾಡ."

ಈಗಲೂ ಆ ಚಿತ್ರ ತೋರಿಸಿಯೇ ಕಲಿಸುತ್ತೇನೆ. ಅದಕ್ಕೂ ಮೊದಲು, ಪರದೆಯಿಂದ ಕಣ್ಣು ತೆಗೆದು ಮಲಗಿದವಳ ಮುಖ ನೋಡುವುದನ್ನು ಹೇಳಿಕೊಡುತ್ತೇನೆ. ಮಂಜುಳಾಳ ಮುಖವನ್ನು ನಾನು ಮೊದಲ ಸಲ ನೋಡಿದ್ದು ತಿರ್ಲಾಪುರದ ಕಟ್ಟೆಯ ಮೇಲೆ.