ಬೆಟ್ಟದಿಂದ ಕಡಲಿಗೆ ಗೆರೆ ಎಳೆದ ಮಾಲಿಯೆ

ಬೆಳಗಿನ ಐದೂವರೆ. ಸಲೆಲೊಲೊಗ ಬಂದರಿನ ಪಕ್ಕದ ಮೊಬೈಲ್ ಕಂಪನಿಯ ಪುಟ್ಟ ಕಚೇರಿಯಲ್ಲಿ ಎಂಜಿನಿಯರ್ ಮಾಲಿಯೆ ಬಿಸಿ ಕೊಕೊ ಪಾನೀಯದ ಲೋಟ ಹಿಡಿದು ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಾರೆ. ಸವಾಯಿ ದ್ವೀಪದ ಗಂಡಸರು ಕೆಸವಿನ ತೋಟಗಳಿಗೆ ಬೆಟ್ಟ ಹತ್ತುವ ಹೊತ್ತು. ಅವರ ಜೇಬಿನ ಮೊಬೈಲುಗಳು ಎಲ್ಲಿವೆಯೆಂಬ ನಿಗಾ ಮಾಲಿಯೆಯವರದು. ಟವರುಗಳನ್ನು ಸೀಮೆಗಳಾಗಿ ಹಂಚಲು ಅವರು ನಕ್ಷೆಯಲ್ಲಿ ಎಳೆದ ಹೊಸ ಗೆರೆಗಳಿಗೆ ಇವತ್ತು ಪರೀಕ್ಷೆ. ಏಳರೊಳಗೆ ಕರೆಗಳು ಸರಿಯಾಗಿ ಸೇರದಿದ್ದರೆ ಹಳೆಯ ಗೆರೆಗಳೇ ವಾಪಸ್ ಎಂದು ರಾಜಧಾನಿ ಆಪಿಯಾದ ಮುಖ್ಯ ಕಚೇರಿ ಕಡ್ಡಿ ಮುರಿದಂತೆ ಹೇಳಿದೆ.

"ನಿಮ್ಮ ಫೋನು ಯಾವ ಟವರ್ ಹತ್ರ ಇದೆ ಅಂತ ನಮಗೆ ಸದಾ ಗೊತ್ತಿರಲ್ಲ. ಯಾವ ಸೀಮೇಲಿದೆ ಅಂತ ಮಾತ್ರ ಗೊತ್ತು" ಎನ್ನುತ್ತಾರೆ. "ಕರೆ ಬಂದ್ರೆ ಆ ಸೀಮೆ ಟವರುಗಳೆಲ್ಲ ಒಟ್ಟಿಗೆ ಕೂಗ್ತವೆ. ಸೀಮೆ ದಾಟಿದ್ರೆ ಫೋನೇ ವರದಿ ಒಪ್ಪಿಸುತ್ತೆ. ಸೀಮೆ ದೊಡ್ಡದಾದ್ರೆ ಟವರಿಗೆ ಗಂಟಲು ಹರಿಯುತ್ತೆ, ಚಿಕ್ಕದಾದ್ರೆ ಫೋನಿಗೆ ವರದಿ ಒಪ್ಪಿಸೋದೇ ಬಾಳು."

ಹಳೆಯ ಗೆರೆ ಎಳೆದವರು ಹೊರಗಿನಿಂದ ಬಂದ ಪರಿಣತರು. ಕರಾವಳಿಯ ರಸ್ತೆಯನ್ನೇ ಗಡಿ ಮಾಡಿ, ಕೈತೊಳೆದುಕೊಂಡು ಹೋದರು. ನಕ್ಷೆಯಲ್ಲಿ ಅದು ಬಲು ಚೆಂದ! ಆದರೆ ಇಲ್ಲಿನ ಊರೆಂದರೆ ಬೆಟ್ಟದ ನೆತ್ತಿಯಿಂದ ಹವಳದ ದಂಡೆಯವರೆಗೆ ಉದ್ದಕ್ಕೆ ಇಳಿಯುವ ನೆಲ. ಮನೆ ರಸ್ತೆಯ ಕೆಳಗೆ, ತೋಟ ಮೇಲೆ. ಹೀಗಾಗಿ ತೋಟಕ್ಕೆ ಹೊರಟವರೆಲ್ಲ ಗಡಿ ದಾಟುವ ಬೆಳಗಿನ ಒಂದೇ ಗಂಟೆಯಲ್ಲಿ ಒಂಬತ್ತು ಸಾವಿರ ವರದಿಗಳು ನುಗ್ಗಿ, ಕರೆಗಳಿಗೆ ದಾರಿಯೇ ಇರುತ್ತಿರಲಿಲ್ಲ.

ಹೋದ ವರ್ಷ ಮಾಲಿಯೆಯವರ ತಂಗಿಗೆ ನಸುಕಿನಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು. ಮನೆತನಕ್ಕೆಲ್ಲ ಇರುವ ಒಂದೇ ಗಾಡಿ ಸೋದರಮಾವ ಎತುವಾತಿಯವರದು. ಅವರು ತೋಟದಲ್ಲಿದ್ದರು. ಹನ್ನೊಂದು ಸಲ ಕರೆ ಮಾಡಿದರೂ ಸಿಗಲಿಲ್ಲ. ಮಗು ಜಗಲಿಯ ಚಾಪೆಯ ಮೇಲೆ ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದದ್ದು ಪುಣ್ಯ. "ಅವತ್ತು ನನ್ನ ಕೆಲಸದ ಮೇಲೆ ನನಗೇ ನಾಚಿಕೆ ಆಯ್ತು" ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಆಮೇಲೆ ಎಂಟು ತಿಂಗಳು ಊರೂರು ಅಲೆದು, ಯಾರು ಯಾವಾಗ ಎಲ್ಲಿಗೆ ಹೋಗುತ್ತಾರೆಂದು ಹೆಂಗಸರನ್ನು ಕೇಳಿ, ಬೆಟ್ಟದಿಂದ ಕಡಲಿಗೆ ಗೆರೆ ಎಳೆದರು. ಮೊದಲ ಸಲ ಎಡವಿದ್ದೂ ಉಂಟು. ಎರಡು ಊರುಗಳ ನಡುವಿನ ಗೆರೆ ಸೀದಾ ಕಿರಿಕಿತಿ ಎಂಬ ಇಲ್ಲಿನ ಕ್ರಿಕೆಟ್ ಆಟದ ಬಯಲಿನ ಮೇಲೇ ಹಾದಿತ್ತು. "ಚೆಂಡಿನ ಹಿಂದೆ ಓಡಿದಾಗೆಲ್ಲ ಜೇಬಲ್ಲಿರೋ ಫೋನು ಹೋದೆ, ಬಂದೆ ಅಂತ ವರದಿ ಒಪ್ಪಿಸ್ತಿತ್ತು. ಆಟಗಾರರಿಗಿಂತ ಫೋನೇ ಜಾಸ್ತಿ ಸುಸ್ತು!" ಎಂದು ನಗುತ್ತಾರೆ.

ಏಳು ಹೊಡೆಯುತ್ತದೆ. ವರದಿಗಳು ಬರೀ ಸಾವಿರದ ಎಂಟುನೂರು. ಆಪಿಯಾದಿಂದ ಕರೆ ಬರುತ್ತದೆ: "ಆಯ್ತು ಮಾಲಿಯೆ, ನಿಮ್ಮ ಗೆರೆಗಳೇ ಇರ್ಲಿ." ಮಾಲಿಯೆಗೆ ಅದು ಸಾಲದು. ಅನ್ನ ಬೆಂದಿತೋ ಎಂದು ತಿಳಿಯಲು ಅಗುಳು ಹಿಸುಕಲೇಬೇಕು. ತೋಟದಲ್ಲಿರುವ ಮಾವನಿಗೆ ಕರೆ ಮಾಡುತ್ತಾರೆ. ಎರಡನೇ ರಿಂಗಿಗೇ ಎತುವಾತಿಯ ದನಿ ಕೋಣೆ ತುಂಬುತ್ತದೆ.

"ಏನೇ ಇದು, ಬೆಳಗಾಗೋದೇ ತಡ! ಕೈಯೆಲ್ಲ ಮಣ್ಣು ನಂದು. ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಏನಿಲ್ಲ ಮಾವ, ಸುಮ್ನೆ ಮಾಡ್ದೆ."

"ಸುಮ್ನೆ ಅಂತೆ! ಇಡೇ ಫೋನು!"

ಮಾಲಿಯೆ ಫೋನು ಇಟ್ಟು ಕಣ್ಣೊರೆಸಿಕೊಳ್ಳುತ್ತಾರೆ. "ಬೈದ್ರು" ಎನ್ನುತ್ತಾರೆ ನನಗೆ. "ಅಂದ್ರೆ, ಸಿಕ್ಕಿದ್ರು."